1955ರ ಸೆಂಟ್: ಬಿ ಮತ್ತು ಇ ನಡುವಿನ ಗೀಟು ಡೈ ಚಿಪ್ಪೋ, ಹಬ್ ಡಬ್ಲಿಂಗೋ?

ಪ್ರಶ್ನೆ

ನನ್ನ ಬಳಿ ಟಂಕಸಾಲೆಯ ಗುರುತಿಲ್ಲದ 1955ರ ಅಮೆರಿಕದ ಲಿಂಕನ್ ಸೆಂಟ್ ನಾಣ್ಯ ಒಂದಿದೆ. ಹತ್ತು ಪಟ್ಟು ಹಿಗ್ಗಿಸುವ ಮಸೂರದಡಿ ನೋಡಿದಾಗ, ‘ಲಿಬರ್ಟಿ’ ಪದದ ಬಿ ಮತ್ತು ಇ ಅಕ್ಷರಗಳ ನಡುವೆ ಉಬ್ಬಿದ ಗೀಟೊಂದು ಐ ಅಕ್ಷರದಂತೆ ನೆಟ್ಟಗೆ ನಿಂತಿರುವುದು ಕಾಣುತ್ತದೆ. ಇಸವಿಯ ಕೊನೆಯ 5ರ ಪಕ್ಕದಲ್ಲೂ ಮಸುಕಾದ ನೆರಳಿದೆ. ಅದೇ ವರ್ಷದ ಡಬಲ್ಡ್ ಡೈ ಸೆಂಟ್ (ನಾಣ್ಯ ಒತ್ತುವ ಉಕ್ಕಿನ ಅಚ್ಚಾದ ಡೈಯಲ್ಲೇ ಬರಹ ಜೋಡಿಯಾಗಿ ಮೂಡಿದ್ದು) ಪ್ರಸಿದ್ಧವೆಂದು ಓದಿದ್ದೇನೆ. ಅದಕ್ಕೆ ಕಾರಣವಾದ ಹಬ್ ಡಬ್ಲಿಂಗ್‌ನಲ್ಲೂ ಡೈ ಚಿಪ್‌ನಲ್ಲೂ ಲೋಹ ಉಬ್ಬಿಯೇ ಇರುತ್ತದೆ ಎಂದ ಮೇಲೆ ಇವೆರಡನ್ನು ಬೇರ್ಪಡಿಸುವುದು ಹೇಗೆ?

ಉತ್ತರ 1

ನೀವು ಹೇಳುವ ಗೀಟು ಡೈ ಚಿಪ್. ಸಂಗ್ರಾಹಕರು ಇದನ್ನು ‘ಬಿಐಇ’ ಎಂದೇ ಕರೆಯುತ್ತಾರೆ. 1950ರ ದಶಕದ ಸೆಂಟುಗಳಲ್ಲಿ ಇದು ಅಪರೂಪವೇನಲ್ಲ. ನಾಣ್ಯದಲ್ಲಿ ಉಬ್ಬಾಗಿರುವುದು ಡೈಯಲ್ಲಿ ತಗ್ಗಾಗಿರುವುದರಿಂದ, ಒತ್ತೊತ್ತಾಗಿರುವ ಎರಡು ಅಕ್ಷರಗಳ ನಡುವೆ ಉಳಿಯುವುದು ಉಕ್ಕಿನ ತೆಳು ಗೋಡೆ ಮಾತ್ರ. ಏಟು ತಿಂದೂ ತಿಂದೂ ಆ ಗೋಡೆ ಮುರಿದುಬಿದ್ದರೆ, ಖಾಲಿಯಾದ ಜಾಗಕ್ಕೆ ನಾಣ್ಯದ ಲೋಹ ನುಗ್ಗಿ ನಿಲ್ಲುತ್ತದೆ. 6, 8, 9ರ ಹೊಟ್ಟೆಯೊಳಗೆ ಗಂಟು ಕಾಣುವುದಕ್ಕೂ ಇದೇ ಕಾರಣ.

ಹಬ್ ಡಬ್ಲಿಂಗ್ ಹಾಗಲ್ಲ, ಅದು ಡೈ ತಯಾರಾಗುವಾಗಲೇ ಸೇರುವ ದೋಷ. ಆ ಕಾಲದಲ್ಲಿ ಉಬ್ಬುಚಿತ್ರವಿರುವ ಹಬ್ ಅನ್ನು ಡೈಗೆ ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಿದ್ದರು. ಮೊದಲ ಒತ್ತಿಗೆ ಗಡುಸಾದ ಉಕ್ಕನ್ನು ಕಾಯಿಸಿ, ಮೆದುಗೊಳಿಸಿ, ಮತ್ತೆ ಕೂರಿಸುವಾಗ ಕೂದಲೆಳೆಯಷ್ಟು ತಿರುಗಿದರೂ ಎರಡನೆಯ ಚಿತ್ರ ಪಕ್ಕಕ್ಕೆ ಮೂಡುತ್ತಿತ್ತು. ಆದ್ದರಿಂದ ಹೆಚ್ಚುವರಿ ಲೋಹ ಯಾವ ಆಕಾರದಲ್ಲಿದೆ ಎಂಬುದನ್ನು ನೋಡಬೇಕು. ಹಬ್ ಡಬ್ಲಿಂಗ್‌ನಲ್ಲಿ ಅದು ಆ ಅಕ್ಷರದ್ದೇ ಆಕಾರ. ಅಕ್ಷರದ ತುದಿಗಳು ಸೀಳಿದಂತಿದ್ದು, ಮೂಲೆಯಲ್ಲಿ ಸಣ್ಣ ಕಚ್ಚು ಕಾಣುತ್ತದೆ. ಚಿಪ್ ಬರಿಯ ಗಡ್ಡೆ, ಅದರ ಮೈ ಒರಟು, ಅಂಚು ಅಡ್ಡಾದಿಡ್ಡಿ.

ಉತ್ತರ 2

ಮೇಲಿನ ಮಾತು ಸರಿ, ಆದರೆ ಕೈಯಿಂದ ಕೈಗೆ ಓಡಾಡಿ ಸವೆದ ನಾಣ್ಯದಲ್ಲಿ ಚಿಪ್‌ನ ಒರಟುತನವೂ ನುಣುಪಾಗಿರುತ್ತದೆಂಬುದನ್ನು ಮರೆಯಬಾರದು. ನಾನು ನೆಚ್ಚುವುದು ಹೋಲಿಕೆಯನ್ನು. ಒಂದೇ ಡೈಯಿಂದ ಬಂದ ನಾಣ್ಯಗಳಲ್ಲಿ ಹಬ್ ಡಬ್ಲಿಂಗ್ ಮೊದಲ ನಾಣ್ಯದಿಂದಲೇ ಇರುತ್ತದೆ, ಬೆಳೆಯುವುದಿಲ್ಲ. ಡೈ ಸವೆದಂತೆ ಮಾಸಬಹುದು, ಅಷ್ಟೇ. ಚಿಪ್ ಮಾತ್ರ ನಡುವೆ ಎಲ್ಲೋ ಹುಟ್ಟಿ, ಡೈ ಇನ್ನಷ್ಟು ಒಡೆದಂತೆಲ್ಲ ದೊಡ್ಡದಾಗುತ್ತದೆ.

ಉತ್ತರ 3

5ರ ಪಕ್ಕದ ನೆರಳು ಇವೆರಡೂ ಅಲ್ಲ. ಸವೆದ ಡೈಯಿಂದ ಹಾಗಾಗುತ್ತದೆ. ಅದಕ್ಕೆ ‘ಬಡವರ ಡಬಲ್ಡ್ ಡೈ’ ಎಂಬ ಅಡ್ಡಹೆಸರಿದೆ (ಮಾರುವವರು ಆ ‘ಬಡವರ’ ಎಂಬುದನ್ನು ಕೆಲವೊಮ್ಮೆ ಬಿಟ್ಟುಬಿಡುತ್ತಾರೆ). ನಿಜವಾದ 1955ರ ಡಬಲ್ಡ್ ಡೈಗೆ ಮಸೂರವೇ ಬೇಡ: ಇಸವಿ, ‘ಲಿಬರ್ಟಿ’ ಮತ್ತು ಮೇಲಂಚಿನ ಬರಹ ಮೂರೂ ಬರಿಗಣ್ಣಿಗೇ ಜೋಡಿಯಾಗಿ ಕಾಣುತ್ತವೆ. ಗುರುತಿಲ್ಲದಿರುವುದು ಫಿಲಡೆಲ್ಫಿಯಾ ಟಂಕಸಾಲೆಯನ್ನಷ್ಟೇ ಸೂಚಿಸುತ್ತದೆ. ಅಲ್ಲಿ ಆ ವರ್ಷ 33 ಕೋಟಿಗೂ ಹೆಚ್ಚು ಸೆಂಟುಗಳನ್ನು ಟಂಕಿಸಲಾಗಿತ್ತು. ಡಬಲ್ಡ್ ಡೈಯವು ಹೊರಬಿದ್ದದ್ದು ಸುಮಾರು 20,000ದಿಂದ 24,000.

ಪ್ರಶ್ನೆ ಕೇಳಿದವರಿಂದ

ನಾಣ್ಯವನ್ನು ಓರೆ ಬೆಳಕಿನಲ್ಲಿ ತಿರುಗಿಸಿ ಮತ್ತೆ ನೋಡಿದೆ. ಗೀಟಿನ ಬುಡ ಇ ಅಕ್ಷರಕ್ಕೆ ಅಂಟಿಕೊಂಡಿದೆ, ತಲೆ ಒಂದು ಕಡೆಗೆ ಇಳಿಜಾರಾಗಿದೆ. ಮೇಲಂಚಿನ ಬರಹದಲ್ಲಿ ಒಂದು ಅಕ್ಷರವೂ ಜೋಡಿಯಾಗಿಲ್ಲ. ಡಬ್ಬಿಯ ಮೇಲೆ ಉತ್ಸಾಹದಿಂದ ಬರೆದಿದ್ದ ಚೀಟಿಯನ್ನು ಕಿತ್ತು, ‘ಬಿಐಇ, ಡೈ ಚಿಪ್’ ಎಂದು ಬರೆದು ಅಂಟಿಸಿದ್ದೇನೆ.