ಬಡ ದೇಶಗಳಿಗೆ ನೆರವು ಕೊಟ್ಟರೆ ಭೂಮಿಗೆ ಭಾರ ಜಾಸ್ತಿಯಾಗುತ್ತದಾ?

ಮಳವಳ್ಳಿ ಹುಡುಗಿ:
ಮೈಸೂರಿನಲ್ಲಿ ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೇನೆ. ಸೆಮಿನಾರ್ ವಿಷಯ ವಿದೇಶಿ ನೆರವು. ಶ್ರೀಮಂತ ದೇಶಗಳು ರಾಷ್ಟ್ರೀಯ ಆದಾಯದ ಶೇ. 0.7ರಷ್ಟು ಕೊಡಬೇಕು ಅಂತ ವಿಶ್ವಸಂಸ್ಥೆ 1970ರಲ್ಲೇ ಹೇಳಿದೆ. ನಾರ್ವೆ, ಡೆನ್ಮಾರ್ಕ್ ತರದ ಕೆಲವರು ಬಿಟ್ಟರೆ ಯಾರೂ ಕೊಡುತ್ತಿಲ್ಲ. ಅಲ್ಲಿವರೆಗೆ ಸರಿ. ಆದರೆ ರೂಮ್‌ಮೇಟ್ ಕೇಳುತ್ತಾಳೆ, 'ಎಲ್ಲರೂ ಅಮೆರಿಕದವರ ಹಾಗೆ ಬದುಕಲು ಹೊರಟರೆ ಭೂಮಿ ತಡೆಯುತ್ತದಾ? ಮತ್ತೆ ಯಾಕೆ ಕೊಡಬೇಕು?' ಏನು ಹೇಳಲಿ?

ಪಾಂಡವಪುರದ ಮೇಷ್ಟ್ರು:
ನಿಮ್ಮದು ಕೆಆರ್‌ಎಸ್‌ ಅಣೆಕಟ್ಟಿನಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗ ಅಲ್ವಾಮ್ಮ? ಕೆಆರ್‌ಎಸ್‌ನಲ್ಲಿ ನೀರು ಕಮ್ಮಿಯಾದ ವರ್ಷ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕಟ್ಟು ಪದ್ಧತಿ, ಅಂದರೆ ಸರದಿ ಮೇಲೆ ನೀರು ಅಂತಾರೆ, ಮಿತವಾಗಿ ಬಳಸಿ ಅಂತಾರೆ. ನಾಲೆಯ ಮೇಲ್ಭಾಗದ ನಮ್ಮ ಕಡೆ ಕಬ್ಬಿಗೆ ರಾತ್ರೋರಾತ್ರಿ ತೂಬು ಎತ್ತುತ್ತಾರೆ. ನಿಮ್ಮ ಕಡೆ ಭತ್ತದ ಸಸಿ ಮಡಿ (ಒಟ್ಲು) ಒಣಗಿ ಬಿರುಕು ಬಿಡುತ್ತದೆ. ನೀರಿಗೆ ಮಿತಿ ಇರುವುದು ನಿಜವೇ. ಆದರೆ ಮೊದಲು ಯಾರ ತೂಬು ಇಳಿಸಬೇಕು? ಭೂಮಿಯ ಕಥೆಯೂ ಹಾಗೇ. ಒಬ್ಬ ಅಮೆರಿಕದವನ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್, ನಮ್ಮವರಿಗೆ 2 ಟನ್. ಆಫ್ರಿಕಾದ ಮಲಾವಿಯವನಿಗೆ ಒಂದು ಟನ್ನಿನ ಹತ್ತರಲ್ಲೊಂದು ಪಾಲಿನಷ್ಟು. ಮಲಾವಿಯವನಿಗೆ ಮಿತಿ ಬೋಧಿಸುವುದು ಯಾವ ನ್ಯಾಯ?

ಮದ್ದೂರು ಎಕ್ಸ್‌ಪ್ರೆಸ್:
ಮೇಷ್ಟ್ರೇ, ನೆರವನ್ನೂ ಸುಮ್ನೆ ಹೊಗಳಬೇಡಿ. 1960ರ ದಶಕದಲ್ಲಿ ಪಿ.ಎಲ್. 480 ಎಂಬ ಆಹಾರ ನೆರವಿನ ಕಾನೂನಿನಡಿ ಬರುತ್ತಿದ್ದ ಗೋಧಿಯನ್ನು ಅಮೆರಿಕದ ಅಧ್ಯಕ್ಷ ಜಾನ್ಸನ್ ತಡೆತಡೆದು ಬಿಡುತ್ತಿದ್ದರು, ನಾವು ಅವರ ಮಾತು ಕೇಳಲಿ ಅಂತ. ಹವಾಮಾನ ಬದಲಾವಣೆ ಎದುರಿಸಲು ಶ್ರೀಮಂತ ದೇಶಗಳು ಬಡ ದೇಶಗಳಿಗೆ ಕೊಡಬೇಕಾದ ದುಡ್ಡಿನ ಕಥೆಯೂ ಅಷ್ಟೇ. 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಅಂತ 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟರು. ಮುಟ್ಟಿದ್ದು 2022ರಲ್ಲಿ. ಅದರಲ್ಲೂ ಹೆಚ್ಚಿನ ಪಾಲು ಸಾಲ! ಹೊಗೆ ಅವರದು, ಬಡ್ಡಿ ನಮ್ಮದು.

ನರ್ಸಮ್ಮ, ಮೈಸೂರು:
ಎಲ್ಲಾ ಒಂದೇ ತಕ್ಕಡಿಗೆ ಹಾಕಬೇಡಿ. ಭಾರತದಲ್ಲಿ ಸಿಡುಬು ಓಡಿಸುವ ಕೊನೆ ಹಂತಕ್ಕೆ ಸ್ವೀಡನ್ ದುಡ್ಡೂ ಬಂದಿತ್ತು. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಮುಚ್ಚಿದಾಗ ಆಫ್ರಿಕಾದಲ್ಲಿ ಎಷ್ಟೋ ಎಚ್‌ಐವಿ ಕ್ಲಿನಿಕ್‌ಗಳಿಗೆ ಬೀಗ ಬಿತ್ತು. ಮಾತ್ರೆ ನುಂಗಿ ಬದುಕುವವರಿಂದ ಭೂಮಿಗೇನು ಭಾರ? ರೂಮ್‌ಮೇಟ್‌ಗೆ ಇದನ್ನು ಕೇಳಮ್ಮ.

ಮಳವಳ್ಳಿ ಹುಡುಗಿ:
ಥ್ಯಾಂಕ್ಸ್. ಮೇಷ್ಟ್ರೇ, ದುಡ್ಡು ಕೊನೆಯವರಿಗೆ ತಲುಪಿತಾ ಅಂತ ನೋಡಲು ನಮ್ಮ ಕಡೆಯದೇ ಉದಾಹರಣೆ ಇದೆಯಾ?

ಪಾಂಡವಪುರದ ಮೇಷ್ಟ್ರು:
2002ರಲ್ಲಿ ವಿಶ್ವಬ್ಯಾಂಕ್ ಸಾಲದಲ್ಲಿ ರಾಜ್ಯದಲ್ಲಿ ಕೆರೆ ಅಭಿವೃದ್ಧಿ ಶುರುವಾಯಿತು. ಊರೂರಲ್ಲಿ ಕೆರೆ ಬಳಕೆದಾರರ ಸಂಘ ಕಟ್ಟಿದರು. ಅಂಥ ಒಂದು ಊರಿಗೆ ಹೋಗಿ. ಅಚ್ಚುಕಟ್ಟಿನ ಜಮೀನಿನವರನ್ನು ಆಮೇಲೆ ಮಾತಾಡಿಸಿ, ಮೊದಲು ತುಂಡು ಭೂಮಿಯೂ ಇಲ್ಲದವರ ಮನೆಗೆ ಹೋಗಿ. ಹೂಳು ಎತ್ತಿದ ಕೂಲಿ ಬಿಟ್ಟು ಬೇರೇನು ಸಿಕ್ಕಿತು ಅಂತ ಕೇಳಿ.