ಬೀಟಾ ತೆಗೆದು ಸ್ಟೇಬಲ್ ಹಾಕಿದ ಮೇಲೆ ನೋಟ್ಸ್ ತೆರೆಯುತ್ತಿಲ್ಲ

ಪ್ರಶ್ನೆ:
ನೋಟ್ಸ್ ಬರೆಯಲು ಲ್ಯಾಪ್‌ಟಾಪಿನಲ್ಲಿ ಒಂದು ಆಪ್ ಬಳಸುತ್ತೇನೆ. ಹೊಸ ಹುಡುಕಾಟ ಸೌಲಭ್ಯ ಇದೆ ಅಂತ 3.0 ಬೀಟಾ (ಪರೀಕ್ಷೆಗೆಂದು ಮೊದಲೇ ಬಿಡುವ ಆವೃತ್ತಿ) ಹಾಕಿದೆ. ಆಗಾಗ ಹ್ಯಾಂಗ್ ಆಗುತ್ತಿತ್ತು. ಸರಿ, ಅದನ್ನು ತೆಗೆದು ಹಳೇ ಸ್ಟೇಬಲ್ ಆವೃತ್ತಿ 2.8 ಹಾಕಿದೆ. ಈಗ ತೆರೆದ ಕೂಡಲೇ ‘ಈ ಡೇಟಾಬೇಸ್ ಹೊಸ ಆವೃತ್ತಿಯದು, ತೆರೆಯಲಾಗದು’ ಅಂತ ತೋರಿಸಿ ಮುಚ್ಚಿಕೊಳ್ಳುತ್ತದೆ. ರೀಇನ್‌ಸ್ಟಾಲ್ ಮಾಡಿದರೂ ಅದೇ ಕಥೆ. ನೋಟ್ಸ್ ಎಲ್ಲಾ ಹೋದವಾ? ಬೀಟಾ ಅಂದರೆ ಬಹುಪಾಲು ಮುಗಿದದ್ದು ಅಂತಲೇ ಅಲ್ವಾ?

ಉತ್ತರ:
ಹೋಗಿರಲಿಕ್ಕಿಲ್ಲ, ಗಾಬರಿ ಬೇಡ. ರೀಇನ್‌ಸ್ಟಾಲ್ ಮಾತ್ರ ನಿಲ್ಲಿಸಿ. ಆಪ್ ಪೂರ್ತಿ ಮುಚ್ಚಿ, ಅದು ನೋಟ್ಸ್ ಇಡುವ ಡೇಟಾ ಫೋಲ್ಡರನ್ನು ಇಡಿಯಾಗಿ ಬೇರೆ ಕಡೆ ಕಾಪಿ ಮಾಡಿ. ಡೇಟಾಬೇಸ್ ಫೈಲ್ ಪಕ್ಕದಲ್ಲಿ ಅದೇ ಹೆಸರಿನ, ಕೊನೆಗೆ ‘-wal’ ಇರುವ ಫೈಲ್ ಕಂಡರೆ ಅದನ್ನು ಬಿಡಬೇಡಿ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶ ಬಳಸುವ ಆಪ್‌ಗಳಲ್ಲಿ ತೀರಾ ಈಚೆಗೆ ಬರೆದದ್ದು ಕೆಲವೊಮ್ಮೆ ಅದರಲ್ಲೇ ಇರುತ್ತದೆ.

ಆಗಿದ್ದು ಇಷ್ಟು ಅನ್ನಿಸುತ್ತದೆ. ಬೀಟಾ ಮೊದಲ ಸಲ ತೆರೆದಾಗ ನಿಮ್ಮ ಡೇಟಾಬೇಸಿನ ಟೇಬಲ್‌ಗಳನ್ನು ಹೊಸ ರೂಪಕ್ಕೆ ಬದಲಿಸಿದೆ. ಆ ರೂಪ 2.8ಕ್ಕೆ ಗೊತ್ತಿಲ್ಲ. ತೆರೆಯಲ್ಲ ಅಂತ ಹಟ ಹಿಡಿದಿರುವುದು ನಿಮ್ಮ ಪುಣ್ಯ. ಸುಮ್ನೆ ತೆರೆದು ಅದರ ಮೇಲೇ ಬರೆದಿದ್ದರೆ ಆಗ ನಿಜವಾಗಿ ಹೋಗುತ್ತಿತ್ತು. ಫೈರ್‌ಫಾಕ್ಸ್ ಕೂಡ 2019ರಲ್ಲಿ ಬಂದ 67ನೇ ಆವೃತ್ತಿಯಿಂದ, ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು (ಬುಕ್‌ಮಾರ್ಕ್, ಸೆಟ್ಟಿಂಗ್ ಇರುವ ಫೋಲ್ಡರ್) ಹಳೆಯದರಲ್ಲಿ ತೆರೆಯಲು ಹೋದರೆ ತಡೆಯುತ್ತದೆ.

ನೀವು ಬಳಸಿದ ಅದೇ ಬೀಟಾ ಮತ್ತೆ ಹಾಕಿ. ತೆರೆದುಕೊಂಡರೆ ಎಲ್ಲವನ್ನೂ ಪಠ್ಯ ಫೈಲ್‌ಗಳಾಗಿ ಎಕ್ಸ್‌ಪೋರ್ಟ್ ಮಾಡಿ, ಆಮೇಲೆ ಖಾಲಿ ಫೋಲ್ಡರಿನಲ್ಲಿ 2.8 ಶುರುಮಾಡಿ ಇಂಪೋರ್ಟ್ ಮಾಡಿ.

ಇನ್ನು ಬೀಟಾ ವಿಷಯ. ಹೆಸರು ನೋಡಿ ಬಗ್ ಎಷ್ಟಿದೆ ಅಂತ ಅಳೆಯೋಕೆ ಆಗಲ್ಲ. ಇನ್ನೂ ಏನೇನು ಬದಲಾಗಬಹುದು ಅನ್ನೋದನ್ನಷ್ಟೇ ಹೆಸರು ಹೇಳುತ್ತದೆ, ಅದೂ ಒಬ್ಬೊಬ್ಬರಲ್ಲಿ ಒಂದೊಂದು ಥರ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೊದಲ ಬೀಟಾ ಬಂದ ಮೇಲೆ ಹೊಸ ಸೌಲಭ್ಯ ಸೇರಿಸುವುದಿಲ್ಲ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಒಂದು ಬೀಟಾದಿಂದ ಮುಂದಿನ ಬೀಟಾಗೆ ಹೋಗುವಾಗಲೂ ಡೇಟಾ ಎಲ್ಲಾ ಹೊರಗೆ ಫೈಲಿಗೆ ತೆಗೆದು ಮತ್ತೆ ತುಂಬಬೇಕಾಗಬಹುದು. ಜಿಮೇಲ್ 2004ರಿಂದ 2009ರವರೆಗೆ ಬೀಟಾ ಅಂತ ಬೋರ್ಡ್ ಹಾಕಿಕೊಂಡೇ ಇತ್ತು, ಜನ ಅದರಲ್ಲೇ ಆಫೀಸ್ ಕೆಲಸ ಮಾಡಿದರು! ಬೀಟಾಗಿಂತ ಮುಂಚಿನ ಹಂತವಾದ ಆಲ್ಫಾದಲ್ಲಿ ಇವತ್ತಿದ್ದ ಬಟನ್ ನಾಳೆ ಇಲ್ಲದೇ ಇರಬಹುದು, ಅಷ್ಟೇ.

ಇನ್ನೊಬ್ಬರು:
ಆರ್‌ಸಿ (ರಿಲೀಸ್ ಕ್ಯಾಂಡಿಡೇಟ್, ಬೀಟಾ ಆದ ಮೇಲಿನ ಹಂತ) ಬಗ್ಗೆ ಒಂದು ಮಾತು ಸೇರಿಸುತ್ತೇನೆ. ದೊಡ್ಡ ದೋಷ ಸಿಗದಿದ್ದರೆ ಇದನ್ನೇ ಬಿಡುಗಡೆ ಮಾಡುತ್ತೇವೆ ಅಂತ ಸಾಮಾನ್ಯ ಅರ್ಥ. ಆದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಎರಡು ವಾರ ಹೊಸ ಕೋಡ್ ಸೇರಿಸಿಕೊಂಡ ಬೆನ್ನಿಗೇ ಆರ್‌ಸಿ1 ಬರುತ್ತದೆ. ಆಮೇಲೆ ವಾರಕ್ಕೊಂದರಂತೆ ಸಾಮಾನ್ಯವಾಗಿ ಆರ್‌ಸಿ7 ಅಥವಾ 8ರ ತನಕ. ಅಲ್ಲಿನ ಆರ್‌ಸಿ1 ಬೇರೆಯವರ ಬೀಟಾಗಿಂತ ಹಸಿ.

ಪ್ರಶ್ನೆ ಕೇಳಿದವರು:
ಫೋಲ್ಡರ್ ಕಾಪಿ ಆಯ್ತು. ಡೌನ್‌ಲೋಡ್ ಪಟ್ಟಿಯಲ್ಲಿ 3.0.0-ಬೀಟಾ.11 ಮೇಲಿದೆ, 3.0.0-ಬೀಟಾ.2 ಕೆಳಗಿದೆ. ನಾನು ಹಾಕಿದ್ದು ಬೀಟಾ.2. ಅದೇ ಹೊಸದಾ?

ಉತ್ತರ:
ಅಲ್ಲ. ಪಟ್ಟಿ ಅಕ್ಷರ ಕ್ರಮದಲ್ಲಿ ಜೋಡಿಸಿದ್ದು, 11ರ ಮೊದಲ ಅಂಕಿ 1 ಆದ್ದರಿಂದ ಅದು 2ಕ್ಕಿಂತ ಮೊದಲು ಬಂದಿದೆ. ಆವೃತ್ತಿ ಲೆಕ್ಕದಲ್ಲಿ 11 ಅನ್ನೋದು 2ಕ್ಕಿಂತ ಹೊಸದು, ಬರೀ 3.0.0 ಅವೆರಡಕ್ಕಿಂತ ಹೊಸದು. ನೀವು ಬೀಟಾ.2 ಹಾಕಿ. 11 ಹಾಕಿದರೆ ಡೇಟಾಬೇಸ್ ಇನ್ನೊಮ್ಮೆ ಬದಲಾಗಬಹುದು.

ಪ್ರಶ್ನೆ ಕೇಳಿದವರು:
ಬೀಟಾ.2ರಲ್ಲಿ ತೆರೆಯಿತು. ಎಕ್ಸ್‌ಪೋರ್ಟ್ ಮಾಡಿ 2.8ಕ್ಕೆ ತಂದೆ. ನೋಟ್ಸ್ ಎಲ್ಲಾ ಇವೆ, ಲಗತ್ತಿಸಿದ ಚಿತ್ರಗಳು ಮಾತ್ರ ಬಂದಿಲ್ಲ.

ಉತ್ತರ:
ಪಠ್ಯವಾಗಿ ಎಕ್ಸ್‌ಪೋರ್ಟ್ ಮಾಡಿದರೆ ಚಿತ್ರಗಳು ಬಿಟ್ಟುಹೋಗೋದು ಮಾಮೂಲು. ಕಾಪಿ ಮಾಡಿಟ್ಟ ಫೋಲ್ಡರಿನಲ್ಲಿ ಲಗತ್ತುಗಳಿಗೆ ಬೇರೆ ಫೋಲ್ಡರ್ ಇದೆಯಾ ನೋಡಿ. ಇದ್ದರೆ ಅಲ್ಲಿಂದ ಕೈಯಾರೆ ಸೇರಿಸಬಹುದು.