ಸಿನಿಮಾನೇ ಇಲ್ಲದ ಹಿನ್ನೆಲೆ ಸಂಗೀತಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪರಿಚಯ ಲೇಖನ ಬರೆಯುತ್ತಿದ್ದೇನೆ, ಪದ ಸಿಗದೆ ನಿಂತಿದೆ. ಇಲ್ಲಿ ಸಿನಿಮಾ ಕೆಲಸ ಬಲ್ಲವರೂ ಇದ್ದೀರಿ, ತಾಳ ಹಾಕಿ ಕೇಳುವವರೂ ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ.

ಲೇಖನ ಇರುವುದು ಕಾಲಿಬ್ರೋ 35 ಅನ್ನೋ ತಂಡದ ಬಗ್ಗೆ. ಇಟಲಿಯ ಮಿಲಾನ್‌ನವರು, ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಗಿಟಾರ್, ಬೇಸ್, ಡ್ರಮ್ಸ್, ಕೀಬೋರ್ಡ್, ನಡುವೆ ಕೊಳಲು, ಸ್ಯಾಕ್ಸೋಫೋನ್. ಹಾಡು ಅನ್ನೋದು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ನುಡಿಸುವುದು ಫಂಕ್, ಅಂದರೆ ಬೇಸು, ಡ್ರಮ್ಸಿನ ಲಯವೇ ಮುಖ್ಯವಾದ, ಕುಣಿಸುವ ಅಮೆರಿಕದ ಸಂಗೀತ. ಆದರೆ ಆ ಫಂಕ್ 1970ರ ದಶಕದ ಇಟಲಿಯ ಕ್ರೈಂ ಸಿನಿಮಾಗಳ ಸಂಗೀತದಿಂದ ಬಂದದ್ದು. ಪೊಲೀಸು, ಗ್ಯಾಂಗು, ಬ್ಯಾಂಕ್ ದರೋಡೆ, ಕಿರಿದಾದ ಬೀದಿಗಳಲ್ಲಿ ಕಾರ್ ಚೇಸಿಂಗ್ ಇರುವ ಆ ಪಿಕ್ಚರ್‌ಗಳಿಗೆ ಎನ್ನಿಯೊ ಮೊರಿಕೋನೆ, ಲೂಯಿಸ್ ಬಕಾಲೋವ್, ಫ್ರಾಂಕೊ ಮಿಕಾಲಿಜ್ಜಿ, ಸ್ಟೆಲ್ವಿಯೊ ಚಿಪ್ರಿಯಾನಿ ಥರದವರು ಸಂಗೀತ ಕೊಡುತ್ತಿದ್ದರು. ಕಾಲಿಬ್ರೋ 35ರ ಮೊದಲ ಆಲ್ಬಂನಲ್ಲಿ ಜಾಸ್ತಿ ಇದ್ದದ್ದು ಅಂಥ ಹಳೆಯ ತುಣುಕುಗಳೇ. ಆಮೇಲೆ ಸ್ವಂತದ್ದು ಮಾಡತೊಡಗಿದರು, ಅಂದರೆ ಯಾರೂ ತೆಗೆಯದ ಸಿನಿಮಾಗಳಿಗೆ ಸಂಗೀತ.

ತೊಡಕು ಇಲ್ಲೇ. 'ಹಿನ್ನೆಲೆ ಸಂಗೀತ' ಅಂದರೆ ಮುಂದೆ ಏನೋ ಒಂದು ಇರಲೇಬೇಕು, ಅಲ್ವಾ? ಇವರ ಮುಂದೆ ಏನೂ ಇಲ್ಲ. ವೇದಿಕೆ ಮೇಲೆ ಇವರೇ ಮುಂದೆ ನಿಂತಿರುತ್ತಾರೆ. 'ಹಿನ್ನೆಲೆ ಸಂಗೀತದ ತಂಡ' ಅಂತ ಬರೆದರೆ ಓದುವವರು ಯಾರಿಗೋ ಪಕ್ಕವಾದ್ಯ ನುಡಿಸುವವರು ಅಂದುಕೊಳ್ಳುತ್ತಾರೆ.

ಇಟಾಲಿಯನ್ ಭಾಷೆಯಲ್ಲಿ ಇದಕ್ಕೆ 'ಕೊಲೊನ್ನ ಸೊನೊರ' ಅನ್ನುತ್ತಾರೆ. ಅಕ್ಷರಕ್ಕೆ ಅಕ್ಷರ ತೆಗೆದುಕೊಂಡರೆ ಧ್ವನಿಯ ಕಂಬ. ಫಿಲಂ ಪಟ್ಟಿಯಲ್ಲಿ ಚಿತ್ರದ ಚೌಕಗಳ ಪಕ್ಕ ಉದ್ದಕ್ಕೂ ಸದ್ದಿನ ಗೆರೆ ಹೋಗುತ್ತದಲ್ಲ, ಅದು. ಅದರಲ್ಲಿ ಹಿಂದೆ ಮುಂದೆ ಅನ್ನೋ ಲೆಕ್ಕ ಇಲ್ಲ, ಚಿತ್ರದ ಪಕ್ಕದಲ್ಲೇ ಸಮನಾಗಿ ನಿಂತಿದೆ. ನಮ್ಮಲ್ಲಿ 'ಧ್ವನಿಸುರುಳಿ' ಇದೆ ನಿಜ. ಆದರೆ ಅದು ಕ್ಯಾಸೆಟ್ಟಿನ ಕಾಲದ್ದು, ಈಗ ಸುರುಳಿ ಹೋದರೂ ಪದ ಉಳಿದಿದೆ, ಮತ್ತು 'ಧ್ವನಿಸುರುಳಿ ಬಿಡುಗಡೆ' ಅಂದರೆ ಜನರಿಗೆ ತಲೆಗೆ ಬರುವುದು ಹಾಡುಗಳು ಮಾತ್ರ. ಗಾಂಧಿನಗರದವರು 'ರೀರೆಕಾರ್ಡಿಂಗ್' ಅನ್ನುತ್ತಾರೆ. ಅದು ಮಾಡುವ ಕೆಲಸದ ಹೆಸರು, ಹೊರಗೆ ಅದನ್ನು ಯಾರೂ 'ಕೇಳಿದೆ' ಅನ್ನುವುದಿಲ್ಲ. ಹುಡುಗರನ್ನು ಕೇಳಿದರೆ ಒಂದೇ ಉತ್ತರ, 'ಬಿಜಿಎಂ ಸಖತ್ತಾಗಿದೆ', ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಅನ್ನೋದರ ಮೊಟಕು. ನಿಜ ಹೇಳಬೇಕೆಂದರೆ ಇಷ್ಟರಲ್ಲಿ ಜೀವಂತವಾಗಿರುವುದು ಅದೊಂದೇ. ಜನ ಬಿಜಿಎಂ ಅನ್ನು ಸಿನಿಮಾದಿಂದ ಕಿತ್ತು ಫೋನ್ ರಿಂಗ್‌ಟೋನ್ ಮಾಡಿಕೊಳ್ಳುತ್ತಾರೆ, ಅಂದರೆ ಅದು ಹಿನ್ನೆಲೆಯಿಂದ ಎದ್ದು ಬಂದು ಎಷ್ಟೋ ಕಾಲವಾಗಿದೆ. 'ಬಿಜಿಎಂ ತಂಡ' ಅಂತ ಬರೆಯಲು ನನಗೇನೂ ಸಂಕೋಚ ಇಲ್ಲ. ನಿಮಗೆ?

ಎರಡನೆಯದು ಆ ಸಿನಿಮಾಗಳ ಹೆಸರು. ಇಟಾಲಿಯನ್‌ನಲ್ಲಿ 'ಪೊಲಿಜಿಯೆಸ್ಕೊ' ಅಂದರೆ ಸುಮ್ನೆ ಪೊಲೀಸ್ ಕಥೆ. ಅಲ್ಲಿನ ವಿಮರ್ಶಕರು ಇವನ್ನು 'ಪೊಲಿಜಿಯೊತ್ತೆಸ್ಕೊ' ಅಂದರು, ಪೊಲೀಸ್ ಪೇದೆಯ ಹೆಸರಿಗೇ ಬಾಲ ಅಂಟಿಸಿ, ಮೂಗು ಮುರಿದು. ಆಮೇಲೆ ಅಭಿಮಾನಿಗಳೇ ಆ ಹೆಸರನ್ನು ಮೆಚ್ಚಿ ಇಟ್ಟುಕೊಂಡರು. ಆ ತಾತ್ಸಾರ ಕನ್ನಡದಲ್ಲಿ ಬರಬೇಕಾದರೆ 'ಪೊಲೀಸು ಗಿಲೀಸು ಪಿಕ್ಚರ್' ಅಂತ ಬರೆಯಬಹುದು ಅನಿಸುತ್ತದೆ. ನಮ್ಮ ಗಿಕಾರದಷ್ಟು ಚೆನ್ನಾಗಿ ಮೂಗು ಮುರಿಯುವುದು ಇನ್ನೊಂದಿಲ್ಲ. ತಮಾಷೆ ಅತಿಯಾಯಿತು ಅನಿಸಿದರೆ ಹೇಳಿ, ಯಾಕೆಂದರೆ ಆ ಸಿನಿಮಾಗಳ ಕಾಲ ತಮಾಷೆಯದ್ದಲ್ಲ. 1969ರ ಡಿಸೆಂಬರ್‌ನಲ್ಲಿ ಮಿಲಾನ್‌ನ ಪಿಯಾತ್ಸಾ ಫೊಂತಾನದ ಬ್ಯಾಂಕಿನಲ್ಲಿ ಬಾಂಬ್ ಸಿಡಿದು 17 ಜನ ಸತ್ತರು, ಮುಂದಿನ ಹತ್ತು ವರ್ಷವೂ ಬಾಂಬು, ಅಪಹರಣ, ಗುಂಡೇಟಿನಲ್ಲೇ ಕಳೆಯಿತು. ಆ ಅಂಜಿಕೆಯೇ ಈ ಸಂಗೀತದಲ್ಲೂ ಇದೆ.

1972ರ 'ಮಿಲಾನೊ ಕಾಲಿಬ್ರೊ 9' ಚಿತ್ರದ ಶುರುವಿನ ತುಣುಕು ಕೇಳಿ ನೋಡಿ. ಬಕಾಲೋವ್ ಅವರು ನೇಪಲ್ಸ್‌ನ ಒಸಾನ್ನ ಎಂಬ ರಾಕ್ ತಂಡದ ಜೊತೆ ಸೇರಿ ಮಾಡಿದ್ದು. ಮೊದಲು ಪಿಯಾನೋ, ಪಿಟೀಲುಗಳು, ಗಂಭೀರವಾಗಿ, ಸಂಗೀತ ಕಚೇರಿಗೆ ಕೂತ ಹಾಗೆ. ಆಮೇಲೆ ಇದ್ದಕ್ಕಿದ್ದಂತೆ ಡ್ರಮ್ಸು, ಗಿಟಾರು, ಕೊಳಲು ನುಗ್ಗುತ್ತವೆ. ಕಾಲಿಬ್ರೋ 35 ಬಂದದ್ದು ಈ ಬಾಗಿಲಿನಿಂದಲೇ. ಹೆಸರೂ ಅಷ್ಟೆ, ಕಾಲಿಬ್ರೊ ಅಂದರೆ ಬಂದೂಕಿನ ನಳಿಗೆಯ ಅಳತೆ, 35 ಅಂದರೆ ಫಿಲಂ ಅಳತೆ. ಇದನ್ನು ಅನುವಾದ ಮಾಡುವ ಗೋಜಿಗೆ ನಾನು ಹೋಗುವುದಿಲ್ಲ, '35 ಎಂಎಂ' ಅನ್ನೋದು ನಮ್ಮ ಟಾಕೀಸುಗಳಲ್ಲೇ ಬೆಳೆದ ಮಾತು, ಪಿಸ್ತೂಲಿಗೂ ಎಂಎಂ ಅನ್ನುತ್ತೇವೆ, ಓದುವವರಿಗೆ ತಾನಾಗಿ ಹೊಳೆಯುತ್ತದೆ.

ಮೂರನೆಯದು ಬೇಗ ಮುಗಿಸುತ್ತೇನೆ. ಫಂಕ್‌ನಲ್ಲಿ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ತನ್ನ ವಾದ್ಯದವರಿಗೆ ಮೊದಲ ಪೆಟ್ಟಿನ ಮೇಲೇ ಒತ್ತು ಹಾಕಿ ಅನ್ನುತ್ತಿದ್ದ. ಅದನ್ನು 'ಒಂದು' ಅಂತಲೇ ಕರೆಯುತ್ತಾರೆ. ನಡುವೆ ಎಷ್ಟು ಓಡಾಡಿದರೂ ಎಲ್ಲರೂ ಬಂದು ಬೀಳಬೇಕಾದದ್ದು ಅಲ್ಲಿಗೆ. ಇದಕ್ಕೆ ನಮ್ಮ 'ಸಮ', ಅಂದರೆ ತಾಳದ ಸುತ್ತು ಶುರುವಾಗುವ ಪೆಟ್ಟು, ಬಳಸಬಹುದೇ? ಎಡುಪು ಅಂತೂ ಅಲ್ಲ, ಅದು ಹಾಡು ಎತ್ತಿಕೊಳ್ಳುವ ಜಾಗ. ನನಗೆ ಸಮವೇ ಸರಿ ಅನಿಸುತ್ತದೆ, ಆದರೆ ಕಛೇರಿ ಕೇಳುವವರು 'ನಾಲ್ಕೇ ಪೆಟ್ಟಿನ ತಾಳಕ್ಕೆ ಎಂಥ ಸಮ' ಅಂತ ನಗುತ್ತಾರೇನೋ. ಮೃದಂಗ ನುಡಿಸುವವರು ಯಾರಾದರೂ ಉತ್ತರಿಸಿ.

ಹಾಗೇ ಇವರ ಸಂಗೀತವನ್ನು 'ವಾದ್ಯಸಂಗೀತ' ಅನ್ನೋದು ಬೇಡ ಅಂತ ತೀರ್ಮಾನಿಸಿದ್ದೇನೆ, ಆಕಾಶವಾಣಿಯ ಬೆಳಗಿನ ವೀಣೆ ನೆನಪಾಗುತ್ತದೆ. 'ಹಾಡಿಲ್ಲದ' ಸಾಕು. ಬಿಜಿಎಂ ಮತ್ತು ಸಮ, ಇವೆರಡಕ್ಕೆ ನಿಮ್ಮ ಮಾತು ಬೇಕು.